ಡಬ್ಬಿ ಅಕ್ಕನ ಮೇಜಿನ ಮೇಲೆ ಅಜ್ಜಿಯ ಆರು ಗುಹೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೊಲಿಗೆ ಅಂಗಡಿಯ ಅರ್ಧ ಎತ್ತಿದ ಷಟರ್ ಕೆಳಗೆ ಬಗ್ಗಿ ಒಳಗೆ ಹೋದರೆ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜಿನ ಮೇಲೆ ಬಟ್ಟೆಯೇ ಇಲ್ಲ. ಅಲ್ಲಿ ಹೊಟ್ಟೆ ಬಿಚ್ಚಿಕೊಂಡು ಮಲಗಿರುವುದು ಬೂದು ಬಣ್ಣದ ಒಂದು ಹಳೆಯ ವಿಡಿಯೊ ಗೇಮ್ ಡಬ್ಬಿ. ಅದರ ಮುಂದೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಕೂತ ಹೆಂಗಸೊಬ್ಬರು ಶಾಲೆ ಮಕ್ಕಳ ರಬ್ಬರ್ ಹಿಡಿದು ಏನನ್ನೋ ತಿಕ್ಕುತ್ತಿದ್ದಾರೆ. ಬೀದಿಯವರಿಗೆಲ್ಲ ಇವರು ಡಬ್ಬಿ ಅಕ್ಕ. ಗಂಡ ದರ್ಜಿ. ಈ ಮೇಜು ಬೆಳಗಿನ ಜಾವ ಹೆಂಡತಿಯದು, ಅಂಗಡಿ ತೆರೆದ ಮೇಲೆ ಗಂಡನದು.

"ಹೊತ್ತು ಮೀರಿದ್ರೆ ಜಗಳ ಗ್ಯಾರಂಟಿ," ಎಂದು ಅಕ್ಕ ನಗುತ್ತಾರೆ. "ಒಂದ್ಸಲ ಯಾರದೋ ಮದುವೆ ಕೋಟಿನ ಮೇಲೆ ಬೆಸುಗೆ ಸೀಸದ ಹನಿ ಬಿದ್ದಿತ್ತು. ನಮ್ಮನೆಯವ್ರು ಇವತ್ತಿಗೂ ಅದನ್ನೇ ಎತ್ತಿ ಆಡ್ತಾರೆ."

ಅವರು ತಿಕ್ಕುತ್ತಿರುವುದು ಆಟ ತುಂಬಿದ ಕಾರ್ಟ್ರಿಜ್‌ನ ತಾಮ್ರದ ಹಲ್ಲುಗಳನ್ನು. ಮನೆಮನೆಯಲ್ಲೂ ಅದಕ್ಕೆ ಕ್ಯಾಸೆಟ್ ಎಂದೇ ಹೆಸರು. ಪರದೆಯ ಮೇಲೆ ಆಟ ಬರದಿದ್ದರೆ ಕ್ಯಾಸೆಟ್ ಕಿತ್ತು, ಬಾಯಿಗೆ ಹಿಡಿದು, ‘ಫೂ’ ಎಂದು ಊದಿ ಮತ್ತೆ ಹಾಕುವುದನ್ನು ಯಾರು ಯಾರಿಗೆ ಕಲಿಸಿದರೋ ದೇವರೇ ಬಲ್ಲ. ಅದನ್ನು ಮಾಡದ ಮಗುವೇ ಆ ಕಾಲದಲ್ಲಿ ಇರಲಿಲ್ಲ. ಊದಿದರೆ ನಿಜಕ್ಕೂ ಸರಿಹೋಗುತ್ತಿತ್ತೇ? ನನಗೆ ಮೊದಲಿನಿಂದಲೂ ಇದೊಂದು ಕುತೂಹಲ.

"ಎಲ್ಲಿಂದ ಸರಿಹೋಗತ್ತೆ! ತೆಗೆದು ಹಾಕಿದಾಗ ಹಲ್ಲು ಸರಿಯಾಗಿ ಕೂತ್ಕೊಳ್ತಿತ್ತು, ಅಷ್ಟೇ. ಉಸಿರಿನ ತೇವಕ್ಕೆ ಹಸಿರು ಕಿಲುಬು ಹಿಡೀತಿತ್ತಲ್ಲ, ಅದೇ ಊದಿದ್ದಕ್ಕೆ ಸಿಕ್ಕಿದ್ದು. ಆ ಊದಾಟದಿಂದಾನೇ ಈಗ ನನ್ನ ಹೊಟ್ಟೆ ತುಂಬ್ತಿದೆ ಅನ್ನಿ."

ಹುಡುಗಿಯಾಗಿದ್ದಾಗ ಅಕ್ಕ ಇಂಥವೇ ಡಬ್ಬಿಗಳನ್ನು ಜೋಡಿಸುವ ಶೆಡ್ಡಿನಲ್ಲಿ ಕೆಲಸಕ್ಕಿದ್ದವರು. ಬೆಸುಗೆ ಹಾಕುವುದು, ಟಿವಿಗೆ ಸಿಕ್ಕಿಸಿ ಮೊದಲ ಪರದೆ ಬಂತೇ ಎಂದು ನೋಡುವುದು, ಬಂದರೆ ಸ್ವಿಚ್ ಆರಿಸಿ ಪೆಟ್ಟಿಗೆಗೆ ಹಾಕುವುದು. ಆಡಲು ಪುರುಸೊತ್ತು ಯಾರಿಗಿತ್ತು? ಆಮೇಲೆ ತಟ್ಟೆಯಂಥ ಡಿಸ್ಕ್ ಹಾಕುವ ಯಂತ್ರಗಳು ಬಂದವು, ಅವುಗಳ ಬೆನ್ನಿಗೇ ಫೋನುಗಳು. ಶೆಡ್ಡಿಗೆ ಬೀಗ ಬಿತ್ತು. ಯಾರಿಗೂ ಬೇಡವಾದ ಬಿಡಿಭಾಗಗಳನ್ನು ಅಕ್ಕ ಮೂಟೆ ಕಟ್ಟಿ ಮನೆಗೆ ಹೊತ್ತು ತಂದರು.

"ನಮ್ಮತ್ತೆ ನನಗೆ ‘ಗುಜರಿ ಸೊಸೆ’ ಅಂತ ಹೆಸರಿಟ್ರು. ಆ ಗುಜರಿಯಿಂದಾನೇ ಅವ್ರ ಮೊಮ್ಮಗಳು, ಅಂದ್ರೆ ನನ್ನ ಮಗಳ ಓದು ಮುಗೀತು. ಆಮೇಲೆ ಮೂಟೆ ಮೇಲಿನ ಧೂಳು ಹೊಡೀತಿದ್ದಿದ್ದೂ ಅವ್ರೇ."

ಈಗ ವಾರಕ್ಕೆ ಮೂರೋ ನಾಲ್ಕೋ ಡಬ್ಬಿ ರಿಪೇರಿಗೆ ಬರುತ್ತವೆ. ಬಿಡಿಭಾಗ ಸಿಗುವುದಿಲ್ಲ, ಒಂದನ್ನು ಕಿತ್ತು ಇನ್ನೊಂದನ್ನು ಬದುಕಿಸಬೇಕು. ಬೆಸುಗೆಯ ಹೊಗೆಗೆ ಕಣ್ಣು ಉರಿಯುತ್ತದೆ. ಆದರೆ ಇವತ್ತು ಅಕ್ಕನಿಗಿರುವ ಚಿಂತೆ ಬೇರೆ. ಅದು ದರ್ಜಿಯ ಸ್ಟೂಲಿನ ಮೇಲೆ, ಕೈಚೀಲ ಮಡಿಲಲ್ಲಿಟ್ಟುಕೊಂಡು, ಅಲುಗಾಡದೆ ಕೂತಿದೆ.

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತರಾದ ಅಜ್ಜಿ ಅವರು. ಮಕ್ಕಳಿಗೆಂದು ತಂದ ಆಟ, ಮಕ್ಕಳು ಬಿಟ್ಟ ಮೇಲೆ ಅಜ್ಜಿಗೆ ಅಂಟಿಕೊಂಡಿತು. ಆಟದಲ್ಲಿ ಏಳು ಗುಹೆ ದಾಟಿ, ಕಳೆದುಹೋದ ಕಂಚಿನ ಗಂಟೆಯನ್ನು ತರಬೇಕು. ಅಜ್ಜಿ ಆರು ದಾಟಿದ್ದಾರೆ. ಮೊದಮೊದಲ ಆಟಗಳಿಗೆ ನೆನಪೇ ಇರಲಿಲ್ಲ, ಸ್ವಿಚ್ ಆರಿಸಿದರೆ ಎಲ್ಲ ಮೊದಲಿನಿಂದ. ಆಮೇಲೆ ಯಾರೋ ಪುಣ್ಯಾತ್ಮರು ಕ್ಯಾಸೆಟ್ ಒಳಗೆ ಗುಂಡಿಯಷ್ಟಗಲದ ಬ್ಯಾಟರಿ ಇಟ್ಟರು. ಅದರಲ್ಲಿ ಜೀವ ಇರುವಷ್ಟು ದಿನ ಆಟಕ್ಕೂ ನೆನಪು. ಅಜ್ಜಿಯ ಬ್ಯಾಟರಿ ಈಗ ಕೊನೆಯುಸಿರು ಎಳೆಯುತ್ತಿದೆ. ಸುಮ್ಮನೆ ಕಿತ್ತರೆ ಆರು ಗುಹೆಯೂ ಹೋದಂತೆ.

"ಬೆರಳು ಮೊದಲಿನ ಹಾಗೆ ಓಡಲ್ಲ ಕಣಮ್ಮಾ," ಎನ್ನುತ್ತಾರೆ ಅಜ್ಜಿ. "ಮತ್ತೆ ಮೊದಲಿಂದ ಶುರು ಮಾಡು ಅಂದ್ರೆ ಈ ಜನ್ಮದಲ್ಲಿ ಆಗದ ಮಾತು."

ಅಕ್ಕ ಮೊದಲು ಇನ್ನೊಂದು ಬ್ಯಾಟರಿಯನ್ನು ಎರಡು ತಂತಿಗಳಿಂದ ಪಕ್ಕದಲ್ಲೇ ಆಸರೆಗೆ ಕಟ್ಟುತ್ತಾರೆ. ಹಳೆಯದನ್ನು ತೆಗೆದು ಹೊಸದನ್ನು ಕೂರಿಸುವವರೆಗೆ ನೆನಪು ಈ ಆಸರೆಯ ಮೇಲೆ ನಿಲ್ಲಬೇಕು. ಬೆಸುಗೆ ಕಡ್ಡಿ ಕಾದ ಕೂಡಲೇ ಅದರ ಪ್ಲಗ್ಗನ್ನೇ ಗೋಡೆಯಿಂದ ಕಿತ್ತುಬಿಡುತ್ತಾರೆ. ಯಾಕೆ ಎಂದು ಕೇಳುತ್ತೇನೆ. "ಗೋಡೆ ಕರೆಂಟು ಒಂಚೂರು ಸೋರಿದ್ರೂ ಎಲ್ಲಾ ಅಳಿಸಿಹೋಗತ್ತೆ. ಕಡ್ಡಿ ಆರೋದ್ರೊಳಗೆ ಮುಗಿಸ್ಬೇಕು."

ಮುಗಿಯುವುದಿಲ್ಲ. ವರ್ಷಗಟ್ಟಲೆ ಅಜ್ಜಿ ಊದಿದ ತೇವ ಬ್ಯಾಟರಿಯ ಬುಡಕ್ಕೂ ಇಳಿದು ಕಿಲುಬಾಗಿದೆ. ಕಡ್ಡಿ ಮತ್ತೆ ಕಾಯಬೇಕು. ಅಷ್ಟರಲ್ಲಿ ದರ್ಜಿ ಕೊರಳಿಗೆ ಟೇಪು ಹಾಕಿಕೊಂಡು, ಬಟ್ಟೆಯ ಗಂಟು ಹೊತ್ತು ಬಂದು ನಿಲ್ಲುತ್ತಾರೆ. ಮೇಜು ಈಗ ಅವರದು. ಹೆಂಡತಿಯ ಮುಖ ನೋಡಿ, ಗಂಟನ್ನು ಕೆಳಗೂ ಇಳಿಸದೆ ನಿಂತೇ ಇರುತ್ತಾರೆ.

"ಹೋಯ್ತೇನಮ್ಮಾ?"

"ಅಜ್ಜಿ, ದಮ್ಮಯ್ಯ, ಒಂದ್ನಿಮಿಷ ಮಾತಾಡ್ಬೇಡಿ."

ಎರಡನೆಯ ಸಲ ಕಾದ ಕಡ್ಡಿಗೆ ಹಳೆಯ ಬ್ಯಾಟರಿ ಕಿತ್ತು ಬರುತ್ತದೆ. ಆ ಎಳೆತಕ್ಕೆ ಆಸರೆಯ ತಂತಿಯೊಂದು ಬಿಡುವ ಹಾಗೆ ಅಲುಗುತ್ತದೆ. ಅಕ್ಕ ಅದನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿಯುತ್ತಾರೆ. ಕರಗಿದ ಸೀಸ ಬೆರಳಿಗೆ ತಾಗುವುದು ನನಗೆ ಕಾಣಿಸುತ್ತದೆ, ಬೆರಳು ಮಾತ್ರ ಕದಲುವುದಿಲ್ಲ. ಇನ್ನೊಂದು ಕೈಯಿಂದಲೇ ಹೊಸದನ್ನು ಕೂರಿಸಿ, ಬೆಸುಗೆ ಹಾಕಿ, ಆಸರೆ ಬಿಚ್ಚಿ, ಕ್ಯಾಸೆಟ್ ಮುಚ್ಚುತ್ತಾರೆ. ಸ್ಟೂಲಿನಿಂದ ಅಜ್ಜಿಗೆ ಇದೊಂದೂ ಕಂಡಿಲ್ಲ. ಕ್ಯಾಸೆಟ್ ಕೈಗೆ ಬಂದದ್ದೇ ತಡ, ಅಭ್ಯಾಸಬಲದಿಂದ ಬಾಯಿಗೆ ಹಿಡಿದು ಊದಲು ಹೋಗುತ್ತಾರೆ!

"ಅಜ್ಜೀ!" ಅಕ್ಕ, ದರ್ಜಿ ಇಬ್ಬರೂ ಒಟ್ಟಿಗೆ ಕೂಗುತ್ತಾರೆ.

ಅಕ್ಕ ಕ್ಯಾಸೆಟ್ಟನ್ನು ಡಬ್ಬಿಗೆ ಸಿಕ್ಕಿಸಿ ಮೂಲೆಯ ಟಿವಿ ಹಾಕುತ್ತಾರೆ. ಕಪ್ಪು ಪರದೆ. ಆಮೇಲೆ ಒಂದರ ಪಕ್ಕ ಒಂದು, ಆರು ಗುಹೆಗಳ ಬಾಗಿಲು ತೆರೆದುಕೊಂಡೇ ಇವೆ. ಮುಚ್ಚಿದ ಏಳನೆಯದರ ಮುಂದೆ ಅಜ್ಜಿಯ ಪುಟ್ಟ ಮನುಷ್ಯ ನಿಂತಿದ್ದಾನೆ. ಅಜ್ಜಿ ಅವನನ್ನು ಎಡಕ್ಕೂ ಬಲಕ್ಕೂ ನಡೆಸಿ ನೋಡುತ್ತಾರೆ.

"ಎಲ್ಲಾ ಇದ್ದ ಹಾಗೇ ಇದೆಯಲ್ಲಮ್ಮಾ! ಮತ್ತೆ ಇಷ್ಟು ಹೊತ್ತು ನೀನು ಮಾಡಿದ್ದಾದ್ರೂ ಏನು?"

ಅಕ್ಕ ನಗುತ್ತಾರೆ. ಅಜ್ಜಿ ಹೋದ ಮೇಲೆ ದರ್ಜಿ ಗಂಟು ಇಳಿಸಿ, ತಣ್ಣೀರಿನ ಲೋಟ ತಂದು ಹೆಂಡತಿಯ ಮುಂದಿಡುತ್ತಾರೆ. ಅಕ್ಕ ಬೊಬ್ಬೆ ಎದ್ದ ಹೆಬ್ಬೆರಳನ್ನು ಅದರಲ್ಲಿ ಅದ್ದುತ್ತಾರೆ. ಅಜ್ಜಿಯ ಮಾತಿಗೆ ಬೇಜಾರಾಗಲಿಲ್ಲವೇ ಎಂದು ನಾನು ಕೇಳುತ್ತೇನೆ.

"ಬೇಜಾರ್ಯಾಕೆ? ಏನೂ ಆಗೇ ಇಲ್ಲ ಅಂತ ಅವ್ರಿಗೆ ಅನ್ನಿಸ್ತಲ್ಲ, ನನಗೆ ಬೇಕಿದ್ದಿದ್ದು ಅದೇ. ಏನಾಗ್ಬಹುದಿತ್ತು ಅನ್ನೋದು ನನಗೊಬ್ಬಳಿಗೆ ಗೊತ್ತಿದ್ರೆ ಸಾಕು."