ಮಕ್ಕಳ ಕಡೆಯ ಕಿವಿ

ನಮ್ಮ ಹೆಡ್ಮಾಸ್ತರ ಎಡಗಿವಿ ಬಲಗಿವಿಗಿಂತ ಕೊಂಚ ದೊಡ್ಡದು. ಹಾಲೆ ಜೋತುಬಿದ್ದಿತ್ತು, ಬಿಸಿಲು ಹಿಂದಿನಿಂದ ಬಿದ್ದರೆ ಕೆಂಪಗೆ ಹೊಳೆಯುತ್ತಿತ್ತು. ನೋಟಕ್ಕೆ ಬಹು ಗಂಭೀರವಾದ ಕಿವಿ, ಕೆಲಸಕ್ಕೆ ಮಾತ್ರ ಬಾರದ್ದು. ಹೈಸ್ಕೂಲಿನಲ್ಲಿ ಬೀಜಗಣಿತದ ಒಂದು ಲೆಕ್ಕ ತಪ್ಪಿದ್ದಕ್ಕೆ ಅವರ ಮೇಷ್ಟ್ರು ಬಾರಿಸಿದ ಏಟಿಗೆ ಅದು ಶಾಶ್ವತವಾಗಿ ಬಾಗಿಲು ಹಾಕಿಕೊಂಡಿತ್ತು. "ವಿದ್ಯೆಗೆ ನಾನು ಕಟ್ಟಿದ ಫೀಜು ಪಂಡಿತ್ರೇ, ರಸೀದಿ ಇಲ್ಲೇ ತೂಗ್ತಾ ಇದೆ" ಎಂದು ಹಾಲೆ ಎಳೆದು ತೋರಿಸುತ್ತಿದ್ದರು. ಮುಂದೆ ಅವರು ಕಲಿಸಿದ್ದು ಗಣಿತವನ್ನೇ. ಯಾರ ಕಿವಿಗೂ ಕೈ ಹಾಕಲಿಲ್ಲ.

ಅಜ್ಜಂಪುರದ ಹೈಸ್ಕೂಲಿನಲ್ಲಿ ನಾನು ಅವರ ಕೈಕೆಳಗೆ ಕನ್ನಡ ಪಂಡಿತನಾಗಿದ್ದೆ. ನಿವೃತ್ತರಾದ ಮೇಲೆ ಇಬ್ಬರೂ ತರೀಕೆರೆಯ ಒಂದೇ ಬೀದಿಗೆ ಬಂದು ಬಿದ್ದೆವು. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತೆಂದರೆ ಅವರ ಜಗುಲಿ ನ್ಯಾಯಾಲಯವಾಗುತ್ತಿತ್ತು. ಕಡೂರಿನಿಂದ, ಪಂಚನಹಳ್ಳಿಯಿಂದ ತಂದೆತಾಯಿಗಳು ಬೈಕಿನಲ್ಲಿ ಮಗುವನ್ನು ನಡುವೆ ಕೂರಿಸಿಕೊಂಡು ಬರುತ್ತಿದ್ದರು. ವ್ಯಾಜ್ಯ ಯಾವಾಗಲೂ ಒಂದೇ: ಘಟ್ಟದ ಕೆಳಗಿನ ಕಾಲೇಜೋ, ಬಯಲುಸೀಮೆಯ ಕಾಲೇಜೋ? ಎರಡೂ ಮಕ್ಕಳನ್ನು ಹಾಸ್ಟೆಲಿನಲ್ಲಿಟ್ಟುಕೊಂಡು, ಪಿಯುಸಿ ಜೊತೆಗೇ ನೀಟು, ಜೆಇಇ ಅರೆದು ಕುಡಿಸುವ ಸಂಸ್ಥೆಗಳು. ಪ್ರವೇಶ ಪರೀಕ್ಷೆಯಲ್ಲಿ ಗೆದ್ದವರಿಗಷ್ಟೇ ಸೀಟು. ಒಂದು ಬೇಗ ಎಬ್ಬಿಸುವುದಕ್ಕೆ ಹೆಸರುವಾಸಿ, ಇನ್ನೊಂದು ತಡವಾಗಿ ಮಲಗಿಸುವುದಕ್ಕೆ. ದ್ವೈತಾದ್ವೈತಗಳ ಭೇದವನ್ನಾದರೂ ಹೇಳಬಹುದು, ಇವೆರಡರದ್ದು ಅದಕ್ಕಿಂತ ಸೂಕ್ಷ್ಮ.

ಹೆಡ್ಮಾಸ್ತರು ತಂದೆತಾಯಿಗಳನ್ನು ಎಡಕ್ಕೆ ಕೂರಿಸುತ್ತಿದ್ದರು, ಮಗುವನ್ನು ಬಲಕ್ಕೆ. ತಂದೆಯ ಹೇಳಿಕೆ ಮುಗಿಯುವವರೆಗೂ ಗೌರವದಿಂದ ತಲೆದೂಗುತ್ತಿದ್ದರು. ಒಂದಕ್ಷರವೂ ಒಳಗೆ ಹೋಗುತ್ತಿರಲಿಲ್ಲ. ಆಮೇಲೆ ಬಲಕ್ಕೆ ವಾಲಿ, "ಈಗ ನೀನ್ ಹೇಳಪ್ಪ. ಮೆಲ್ಲಗೇ ಹೇಳು" ಎನ್ನುತ್ತಿದ್ದರು. ಮಗು ಹೇಳಿದ್ದೇ ತೀರ್ಪು. ಅದನ್ನು ಯಾರಾದರೂ ಪಾಲಿಸಿದ್ದನ್ನು ನಾನು ಕಾಣೆ. ಜನ ಕಾಫಿ ಕುಡಿದು, ಅವರ ಕಾಲಿಗೆ ಬಿದ್ದು, ನೇರ ಹೋಗಿ ತಮಗೆ ತೋಚಿದ ಕಡೆ ಸೇರಿಸುತ್ತಿದ್ದರು.

"ಮತ್ಯಾಕೆ ಸಾರ್ ಕೇಳ್ತೀರಿ?" ಎಂದೆ ಒಮ್ಮೆ.

"ಆ ಮಗೀಗೆ ತನ್ನ ದನಿ ಒಂದ್ಸಲ ಆದ್ರೂ ಕೇಳಿಸ್ತಲ್ಲ ಪಂಡಿತ್ರೇ."

ಅವರ ಮೊಮ್ಮಗಳು ತಾಲ್ಲೂಕಿಗೇ ಮೊದಲಿಗಳಾದ ವರ್ಷ ಎರಡೂ ಕಾಲೇಜುಗಳಲ್ಲಿ ಸೀಟು ಸಿಕ್ಕಿತು. ಅವಳ ಅಪ್ಪ, ಅಂದರೆ ಇವರ ಮಗ, ಬಸ್ ಸ್ಟ್ಯಾಂಡಿನ ಹತ್ತಿರ ಗೊಬ್ಬರದಂಗಡಿ ಇಟ್ಟವನು. ಅಪ್ಪನ ನ್ಯಾಯಾಲಯವನ್ನು ಕಂಡೂ ಕಾಣದಂತಿದ್ದ ಅವನು ಅಂದು ತಾನೇ ಬಂದು ಎಡಗಡೆ ಕುಳಿತ. ಸಾಕ್ಷಿಗೆ ನಾನು. ಹುಡುಗಿ ಬಲಗಡೆಯ ಸ್ಟೂಲಿನಿಂದ ತಾತನ ಕಿವಿಗೆ ಏನೋ ಉಸುರಿದಳು. ಅವರು ಮಗನ ಕಡೆ ತಿರುಗಿ ಹೇಳಿದರು:

"ಎರಡೂ ಬ್ಯಾಡಂತೆ ಕಣೋ. ಇಲ್ಲೇ ಮನೆಯಿಂದ್ಲೇ ಕಾಲೇಜಿಗೆ ಹೋಗ್ತಾಳಂತೆ. ಇತಿಹಾಸ ಓದ್ತಾಳಂತೆ."

ಮಗ ನಕ್ಕ. "ಅಪ್ಪಾ, ನಿಮಗೆ ಕಿವಿ ಸರಿಯಾಗಿ ಕೇಳ್ಸಲ್ಲ. ಅವಳು ಹಂಗಂದಿರಲ್ಲ."

"ಈ ಕಿವಿ ಕೇಳ್ಸುತ್ತೆ."

"ಇಷ್ಟು ಮಾರ್ಕ್ಸ್ ತಗೊಂಡು ಯಾರಾದ್ರೂ ಆರ್ಟ್ಸ್ ಅಂತಾರಾ? ನೀವೇ ಹೇಳಿ ಪಂಡಿತ್ರೇ." ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವನು ಮಗಳ ಕಡೆ ತಿರುಗಿದ್ದ. "ಏನಮ್ಮಾ, ಹಂಗಂದ್ಯಾ?"

ಹುಡುಗಿ ಅಪ್ಪನ ಮುಖ ನೋಡಿದಳು, ನೆಲ ನೋಡಿದಳು. "ಇಲ್ಲ."

"ಮತ್ತೇನಂದೆ?"

"ಘಟ್ಟದ ಕೆಳಗಿನ್ದು ಅಂದೆ."

ಹೆಡ್ಮಾಸ್ತರು ಬಲಗಿವಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡರು. "ಇರ್ಬೋದು ಕಣೋ. ವಯಸ್ಸಾಯ್ತು" ಎಂದರು. ಮೊಮ್ಮಗಳ ಮಾತು ಸುಳ್ಳಾಗುವುದಕ್ಕಿಂತ ತಮ್ಮ ಕಿವಿ ಸುಳ್ಳಾಗಲಿ ಎಂದು ಬಿಟ್ಟುಕೊಟ್ಟರು. ನ್ಯಾಯಾಲಯ ಮತ್ತೆ ಸೇರಲಿಲ್ಲ. ಮುಂದಿನ ಬೇಸಿಗೆಯ ಹೊತ್ತಿಗೆ ಆ ಕಿವಿಯೂ ಅವರ ಮಾತನ್ನು ನಿಜ ಮಾಡಿ ಮುಚ್ಚಿಕೊಂಡಿತು. ಮಗ ಕಿವಿಯ ಮಿಷನ್ನು ತಂದುಕೊಟ್ಟ. ಅದು ಡಬ್ಬಿಯಲ್ಲೇ ಉಳಿಯಿತು. ನಾನು ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದೆ, ಅವರು ಬಾಯಲ್ಲಿ ಉತ್ತರಿಸುತ್ತಿದ್ದರು.

ದಸರಾ ರಜೆಗೆ ಮೊಮ್ಮಗಳು ಬಂದಳು. ಕನ್ನಡಕ ಬಂದಿತ್ತು, ಜಡೆ ಹೋಗಿತ್ತು. ಬೇರೆ ಯಾರ ಹತ್ತಿರವೂ ಹೆಚ್ಚು ಮಾತಿಲ್ಲ. ಆದರೆ ದಿನಾ ಬೆಳಗ್ಗೆ ಅದೇ ಸ್ಟೂಲು ಹಾಕಿಕೊಂಡು, ಕೇಳಿಸದ ಆ ಬಲಗಿವಿಗೆ ಬಾಯಿಟ್ಟು ಬಹಳ ಹೊತ್ತು ಏನೇನೋ ಹೇಳುತ್ತಿದ್ದಳು. ಒಮ್ಮೊಮ್ಮೆ ಮಾತು ನಿಲ್ಲುತ್ತಿತ್ತು, ಭುಜ ಅಲ್ಲಾಡುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ಅವರು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು.

"ಏನಂತಾಳೆ?" ಎಂದು ಬರೆದೆ.

"ಏನೂ ಕೇಳ್ಸಲ್ಲ ಪಂಡಿತ್ರೇ. ಉಸಿರು ಬಿಸಿಯಾಗಿ ತಾಗ್ತದೆ ಅಷ್ಟೆ. ನಂಗೆ ಕೇಳ್ಸಲ್ಲ ಅಂತ ಆ ಮಗೀಗೂ ಗೊತ್ತು. ಅದ್ಕೇ ಹೇಳ್ತದೆ."

"ಮಿಷನ್ನು ಹಾಕಿಕೊಳ್ಳಿ" ಎಂದು ಬರೆದೆ.

ಅವರು ಅದನ್ನು ಓದಿ, ಸ್ಲೇಟನ್ನು ಅಂಗೈಯಿಂದ ತಾವೇ ಒರೆಸಿದರು. "ಕೇಳಿಸ್ಬಿಟ್ರೆ ಏನ್ ಮಾಡ್ಲಿ?"

ಅವಳ ಎರಡನೇ ಪಿಯುಸಿ ಪರೀಕ್ಷೆಗೆ ಸ್ವಲ್ಪ ಮುಂಚೆ ಹೆಡ್ಮಾಸ್ತರು ಹೋಗಿಬಿಟ್ಟರು. ತಂದೆತಾಯಿ ತೀರಿದರೆ ರಜೆ ಉಂಟು, ತಾತ ಅದರಲ್ಲಿ ಬರುವುದಿಲ್ಲ ಎಂದು ಹಾಸ್ಟೆಲಿನವರು ಫೋನಿನಲ್ಲಿ ವಿನಯದಿಂದ ತಿಳಿಸಿದರು. ಮಗನೂ ಹಟ ಹಿಡಿಯಲಿಲ್ಲ. "ಅಪ್ಪ ಇದ್ದಿದ್ರೂ ಓದ್ಕೊಳ್ಲಿ ಬಿಡು ಅಂತಿದ್ರು" ಎಂದ. ಅಪ್ಪ ಚಾಪೆಯ ಮೇಲಿದ್ದರು, ಇಲ್ಲವೆನ್ನಲಿಲ್ಲ. ಮುಂದೆ ಹುಡುಗಿಗೆ ರ‍್ಯಾಂಕು ಬಂತು. ಗೊಬ್ಬರದಂಗಡಿಯ ಮುಂದೆ ಅವಳ ಫ್ಲೆಕ್ಸು ಎದ್ದಿತು. ಈಗ ಡಾಕ್ಟರಿಕೆ ಓದುತ್ತಿದ್ದಾಳೆ. ಮಾತಾಡಿಸಿದರೆ "ಚೆನ್ನಾಗಿದೀನಿ ಸಾರ್" ಎನ್ನುತ್ತಾಳೆ. ಎಷ್ಟು ಸಲ ಕೇಳಿದರೂ ಅಷ್ಟೇ.

ಆ ನ್ಯಾಯಾಲಯ ಈಗ ನನ್ನ ಜಗುಲಿಗೆ ವರ್ಗವಾಗಿದೆ. ನನಗೆ ಎರಡೂ ಕಿವಿ ಚೆನ್ನಾಗಿ ಕೇಳುತ್ತವೆ, ಅದೇ ನನ್ನ ಅನರ್ಹತೆ. ತಂದೆ ಮಾತು ಶುರುಮಾಡಿದನೆಂದರೆ ಬೇರೇನೂ ಒಳಗೆ ಬರುವುದಿಲ್ಲ. ಹೋದ ಬೇಸಿಗೆಯಲ್ಲಿ ಹೆಡ್ಮಾಸ್ತರನ್ನು ನೆನೆದು ಎಡಗಿವಿಗೆ ಹತ್ತಿ ಇಟ್ಟುಕೊಂಡು ಕೂತೆ. ತಂದೆ ದನಿ ಏರಿಸಿದ. ನಾನು ಬಲಕ್ಕೆ ವಾಲಿ, "ಈಗ ನೀನ್ ಹೇಳಮ್ಮ, ಮೆಲ್ಲಗೇ ಹೇಳು" ಎಂದೆ.

ಮಗು ನನ್ನ ಕಿವಿಯ ಹತ್ತಿರ ಬಂದಿತು. ಉಸಿರು ಬಿಸಿಯಾಗಿ ತಾಗಿತು.

"ಅಪ್ಪ ಹೇಳ್ದಂಗೇ" ಎಂದಿತು.