ಬಂದು ಹೋದವರ ಹೆಸರು

ಸತ್ತವರು ಸುಳ್ಳು ಹೇಳುವುದಿಲ್ಲ ಎಂದು ಹಿರಿಯರು ಹೇಳಿದ್ದಾರೆ. ಆ ಹಿರಿಯರಲ್ಲಿ ಯಾರೂ ಕಂಪ್ಯೂಟರ್ ಸತ್ತದ್ದನ್ನು ಕಂಡವರಲ್ಲ.

ನಮ್ಮ ಮೇಡಂ ಕಂಡಿದ್ದರು. ಅವರನ್ನು ನೆನೆದಾಗ ನನ್ನ ಕಣ್ಣಿಗೆ ಮೊದಲು ಬರುವುದು ಅವರ ತಲೆಗೂದಲು. ಪೂರ್ತಿ ಬೆಳ್ಳಗಾದ ಕೂದಲು, ಅದರ ಮೇಲೆ ಸದಾ ನೀಲಿ ಧೂಳು. ರಾಯದುರ್ಗದ ಮನೆಯ ಕೆಳಗಿನ ಅಂತಸ್ತಿನಲ್ಲಿ ಅವರ ತಮ್ಮ ಕೂಲಿಯವರಿಂದ ಜೀನ್ಸ್ ಹೊಲಿಸುತ್ತಿದ್ದ. ಮೇಲಿನ ಕೋಣೆಯಲ್ಲಿ ಅಕ್ಕನ ಕಂಪ್ಯೂಟರ್. ಕೆಳಗೆ ಕತ್ತರಿಸಿದ ಬಟ್ಟೆಯ ನೂಲಿನ ಹುಡಿ ಮೆಟ್ಟಿಲು ಹತ್ತಿ ಬಂದು ಅಕ್ಕನ ತಲೆಯ ಮೇಲೆ ಕೂರುತ್ತಿತ್ತು. ಅವರು ಅದನ್ನು ಕೊಡವಿಕೊಂಡದ್ದನ್ನು ನಾನೆಂದೂ ನೋಡಿಲ್ಲ. "ಕೂದ್ಲಿಗೆ ಬಣ್ಣ ಹಾಕ್ಕೋರಿ ಅಂತ ಎಲ್ಲಾರೂ ಅಂತಿದ್ರು. ಪುಕ್ಕಟ ಆತು ನೋಡ್ರಿ" ಎನ್ನುತ್ತಿದ್ದರು.

ನಮ್ಮ ಕಸುಬು ಏನೆಂದು ಇಲ್ಲಿ ವಿವರಿಸಬೇಕು. ವಿವರಿಸಿ ಗೆದ್ದವರು ಈವರೆಗೆ ಯಾರೂ ಇಲ್ಲ. ಕಂಪ್ಯೂಟರಿನ ಒಳಗೆ ಎಲ್ಲಕ್ಕೂ ಯಜಮಾನನಂತೆ ಕರ್ನೆಲ್ ಎಂಬುದೊಂದು ಇರುತ್ತದೆ. ಅದು ಒಮ್ಮೊಮ್ಮೆ ಧಡಕ್ಕನೆ ಸಾಯುತ್ತದೆ. ಸಾಯುವ ಗಳಿಗೆಯಲ್ಲಿ ಅದರ ತಲೆಯೊಳಗೆ ಇದ್ದದ್ದನ್ನೆಲ್ಲ ಹಾಗೆಯೇ ನಕಲು ತೆಗೆದಿಟ್ಟರೆ ಅದಕ್ಕೆ ಡಂಪ್ ಎಂದು ಹೆಸರು. ಆ ಡಂಪನ್ನು ಬಿಚ್ಚಿ ಪಂಚನಾಮೆ ಮಾಡುವ ಸಲಕರಣೆ ಡಿಬಗ್ಗರ್. ನಾವು ಆ ಸಲಕರಣೆಯನ್ನು ತಿದ್ದುವವರು. ನಮ್ಮೂರು ಮಡಕಶಿರದಲ್ಲಿ ನಾನು ಇದನ್ನೆಲ್ಲ 'ಪೋಸ್ಟ್‌ಮಾರ್ಟಂ ಕೆಲಸ' ಎಂದು ಚಿಕ್ಕದಾಗಿ ಹೇಳಿದ್ದರ ಫಲವಾಗಿ, ಹಿಂದಿನ ಬೀದಿಯವರೊಬ್ಬರು ಸರ್ಕಾರಿ ಆಸ್ಪತ್ರೆಯಲ್ಲಿ ನಮ್ಮ ಪರವಾಗಿ ಒಂದು ಮಾತು ಹೇಳಿ ಎಂದು ಹಸಿ ಕಡಲೆಕಾಯಿ ಹಿಡಿದು ಬಂದಿದ್ದರು.

ಈ ಡಿಬಗ್ಗರ್ ಯಾವ ಕಂಪನಿಯ ಸೊತ್ತೂ ಅಲ್ಲ. ಲೋಕದ ಮೂಲೆಮೂಲೆಯವರು ತಿದ್ದುಪಡಿ ಬರೆದು ಮೇಲ್ ಮಾಡುತ್ತಾರೆ, ಹಿರಿಯರು ಅದನ್ನು ಪರೀಕ್ಷಿಸಿ ತಿರಸ್ಕರಿಸುತ್ತಾರೆ. ನನ್ನದನ್ನು ತಿರಸ್ಕರಿಸುವ ಹೊಣೆ ಮೇಡಂ ಅವರದಾಗಿತ್ತು. ವರ್ಷಗಟ್ಟಲೆ ನಾವಿಬ್ಬರೂ ಅತ್ಯಂತ ಸಭ್ಯವಾದ ಇಂಗ್ಲಿಷಿನಲ್ಲಿ ಕಚ್ಚಾಡಿದೆವು. ಒಮ್ಮೆ ನಾನು, ಮಡಕಶಿರದಲ್ಲಿ ಕರೆಂಟಿಲ್ಲದ ಕಾರಣ ಉತ್ತರ ತಡವಾಯಿತು ಎಂದು ಬರೆದೆ. ಮರುದಿನ ಕನ್ನಡದಲ್ಲಿ ಒಂದೇ ಸಾಲು ಬಂತು: "ಯಾವ ಮಡಕಶಿರಾರೀ?" ಒಂದೇ ಜಿಲ್ಲೆಯ ಇಬ್ಬರು ಜಗಳವಾಡಲು ಸಮುದ್ರದಾಚೆಯ ಸರ್ವರಿನ ಮೂಲಕ ಹೋಗಿಬರುತ್ತಿದ್ದೆವು. ಮುಂದೆ ಸರ್ಕಾರ ಆ ಜಿಲ್ಲೆಯನ್ನೇ ಎರಡು ಮಾಡಿತು. ಅದಕ್ಕೆ ನಾವು ಕಾರಣರಲ್ಲ.

ಆಮೇಲೆ ನಾನು ಪಾವಗಡ, ಕಲ್ಯಾಣದುರ್ಗಗಳಲ್ಲಿ ಬಸ್ಸು ಬದಲಿಸುತ್ತ ರಾಯದುರ್ಗಕ್ಕೆ ಹೋಗಿಬರುವುದು ಶುರುವಾಯಿತು. ಕೆಳಗಿನ ಹೊಲಿಗೆ ಯಂತ್ರಗಳು ಓಡುವಾಗ ಮೇಡಂ ಅವರ ಮೇಜು ನಡುಗುತ್ತಿತ್ತು. ಅದರ ಕಾಲುಗಳ ಕೆಳಗೆ ಹೊಲಿಯದ ಪ್ಯಾಂಟಿನ ತುಂಡುಗಳನ್ನು ಮಡಿಸಿ ಇಟ್ಟಿದ್ದರು. ನಾನು ಹೋದ ಮೊದಲ ದಿನ ಅವರ ತಮ್ಮ ಮಂಡಕ್ಕಿಯ ಉಗ್ಗಾಣಿ, ಮಿರ್ಚಿ ಬಜ್ಜಿ ತರಿಸಿ ನನ್ನ ಎದುರಿಗೆ ಕೂತ.

"ಅಕ್ಕ ಸತ್ತ ಕಂಪ್ಯೂಟರ್‌ಗೆ ಜೀವ ಕೊಡ್ತಾಳೇನ್ರಿ?"

"ಇಲ್ಲಪ್ಪ, ಯಾಕೆ ಸತ್ತಿತು ಅಂತ ನೋಡ್ತೀವಿ."

"ನೋಡಿದ್ ಮ್ಯಾಲೆ ಏಳ್ತದ?"

"ಏಳಾದಿಲ್ಲ."

ಅವನು ತಟ್ಟೆಯನ್ನು ನನ್ನತ್ತ ಸರಿಸಿ, "ಇನ್ನೊಂದ್ ಮಿರ್ಚಿ ತಗೋರಿ" ಎಂದ.

ಮೇಡಂ ಅವರಿಗೆ ಒಂದು ಅಭ್ಯಾಸವಿತ್ತು. ಯಾರು ಏನೇ ದೂರು ತಂದರೂ "ಹಿಂದ್ಲಿಂದ ಹೇಳ್ರಿ" ಎನ್ನುತ್ತಿದ್ದರು. ಒಮ್ಮೆ ಹೊಲಿಗೆಯ ಹೆಂಗಸೊಬ್ಬಳು ಮೇಲೆ ಬಂದು "ದಾರ ಹರೀತೈತ್ರಿ ಅಕ್ಕಾರೇ" ಎಂದಳು.

"ಅದಕ್ಕೂ ಮುಂಚೆ?"

"ಸೂಜಿ ಬದಲಿ ಮಾಡಿದ್ನಿರಿ."

"ಅದಕ್ಕೂ ಮುಂಚೆ?"

"ಗಂಡನ ಜತಿ ಜಗಳ ಆಗಿತ್ರಿ."

"ಸಾಕು. ಸೂಜಿ ತನಕ ನಮ್ದು, ಅದರ ಹಿಂದಿಂದು ನಿಂದು."

ನಮ್ಮ ಕೆಲಸದ ತಿರುಳೂ ಇದೇ. ಕರ್ನೆಲಿನೊಳಗೆ ಒಂದು ಕೆಲಸ ಇನ್ನೊಂದನ್ನು ಕರೆಯುತ್ತದೆ, ಅದು ಮತ್ತೊಂದನ್ನು. ಹೀಗೆ ಕರೆಸಿಕೊಂಡದ್ದು ತನ್ನ ಪಾಲಿನದನ್ನು ಮುಗಿಸಿ ಯಾರ ಬಳಿಗೆ ತಿರುಗಿ ಹೋಗಬೇಕು ಎಂಬ ವಿಳಾಸ ಒಂದರ ಮೇಲೊಂದು ಪೇರಿಕೊಂಡಿರುತ್ತದೆ. ಅದೇ ಸ್ಟ್ಯಾಕ್. ಯಂತ್ರ ಸತ್ತ ಮೇಲೆ ಆ ವಿಳಾಸಗಳನ್ನು ಹಿಡಿದು ಕೊನೆಯಿಂದ ಮೊದಲಿಗೆ ನಡೆದರೆ ಯಾರನ್ನು ಯಾರು ಕರೆದರು ಎಂಬುದು ತಿಳಿಯಬೇಕು. ಆದರೆ ಹಳೆಯ ಡಿಬಗ್ಗರಿಗೆ ಪೇರಿಕೆಯಲ್ಲಿ ಯಾವುದು ನಿಜವಾದ ವಿಳಾಸ ಎಂದು ಗೊತ್ತಾಗುತ್ತಿರಲಿಲ್ಲ. ವಿಳಾಸದಂತೆ ಕಂಡದ್ದನ್ನೆಲ್ಲ ಅದು ಹೆಸರು ಹಿಡಿದು ಕೂಗುತ್ತಿತ್ತು. ಹಿಂದೆ ಎಂದೋ ಬಂದು, ಕೆಲಸ ಮುಗಿಸಿ, ಮರ್ಯಾದೆಯಿಂದ ಹೋದವರ ಗುರುತುಗಳೂ ಅಲ್ಲೇ ಬಿದ್ದಿರುತ್ತವೆ. ಅವರ ಹೆಸರೂ ಸಾವಿನ ಸಾಕ್ಷಿಯಲ್ಲಿ ಸೇರಿಬಿಡುತ್ತಿತ್ತು.

ಮೇಡಂ ಅವರ ಹೆಸರು ಹಾಗೆಯೇ ಸೇರಿತ್ತು. ಅವರು ಬೆಂಗಳೂರಿನ ಒಂದು ಕಂಪನಿಯಲ್ಲಿದ್ದಾಗ ಗಿರಾಕಿಗಳಿಗೆ ತೋರಿಸಲು ಇಟ್ಟಿದ್ದ ಯಂತ್ರ ಆ ಗಿರಾಕಿಗಳ ಎದುರೇ ಸತ್ತಿತು. ಡಿಬಗ್ಗರ್ ಕೂಗಿದ ಹೆಸರುಗಳಲ್ಲಿ ಮೇಡಂ ಬರೆದ ಒಂದು ಭಾಗದ ಹೆಸರೂ ಇತ್ತು. ಯಾರೂ ಬಯ್ಯಲಿಲ್ಲ. ಅಂಥ ಕಂಪನಿಗಳು ಸಭ್ಯವಾದವು. ಊಟದ ಹೊತ್ತಿನಲ್ಲಿ ಅವರ ಪಕ್ಕದ ಕುರ್ಚಿ ಖಾಲಿ ಉಳಿಯತೊಡಗಿತು, ಅಷ್ಟೆ. ಕೆಲವು ತಿಂಗಳಾದ ಮೇಲೆ ಮೇಡಂ ತಾವಾಗಿಯೇ ರಾಜೀನಾಮೆ ಕೊಟ್ಟು ತಮ್ಮನ ಮನೆಯ ಮೇಲಿನ ಕೋಣೆಗೆ ಬಂದರು. ಆ ಡಂಪಿನಲ್ಲಿ ಗುಟ್ಟೇನೂ ಇರಲಿಲ್ಲವಾದ್ದರಿಂದ, ಡಿಬಗ್ಗರನ್ನು ಪರೀಕ್ಷಿಸುವವರಿಗೆ ಇರಲಿ ಎಂದು ಮುಂದೆ ಆ ಕಂಪನಿಯೇ ಅದನ್ನು ಬಿಟ್ಟುಕೊಟ್ಟಿತು. ಮೇಡಂ ಅದನ್ನು ಇಳಿಸಿಕೊಂಡರು. "ನನ್ನ ಜಾತಕ" ಎಂದು ಕರೆಯುತ್ತಿದ್ದರು.

ಅವರಿಗೆ ಬೇಕಾಗಿದ್ದದ್ದು ಒಂದೇ. ಡಿಬಗ್ಗರ್ ಊಹಿಸುವುದನ್ನು ಬಿಟ್ಟು ನಡೆಯುವುದನ್ನು ಕಲಿಯಬೇಕು. ಕಲಿತ ಮೇಲೆ ಆ ಡಂಪನ್ನು ಅದರ ಎದುರಿಗಿಟ್ಟು, ಈಗ ಹೇಳು, ಅಲ್ಲಿ ನಾನಿದ್ದೆನೋ ಇಲ್ಲವೋ ಎಂದು ಕೇಳಬೇಕು. ಕರ್ನೆಲಿನ ಯಾವ ಜಾಗದಲ್ಲಿ ನಿಂತರೆ ಹಿಂದಿನ ವಿಳಾಸ ಎಷ್ಟು ದೂರದಲ್ಲಿರುತ್ತದೆ ಎಂದು ಹೇಳುವ ಕೋಷ್ಟಕವೊಂದು ಕರ್ನೆಲಿನ ಜೊತೆಯಲ್ಲೇ ಬರುತ್ತದೆ. ಅದನ್ನು ಓದಿ ಹೆಜ್ಜೆಯಿಡುವುದನ್ನು ನಮ್ಮ ಡಿಬಗ್ಗರಿಗೆ ಕಲಿಸುವ ಕೆಲಸಕ್ಕೆ ಇಬ್ಬರೂ ಕೂತೆವು.

ಅದೇ ಹೊತ್ತಿಗೆ ಅವರ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿತು. ಬಳ್ಳಾರಿಯ ಆಸ್ಪತ್ರೆಗೆ ಹೋಗಿಬರುವುದು ಶುರುವಾಯಿತು. ನೆಂಟರು ಒಬ್ಬೊಬ್ಬರಾಗಿ ಬಂದು ಕಾರಣ ಹೇಳಿಹೋದರು: ಕೂತೇ ಇದ್ದದ್ದಕ್ಕೆ, ಮಿರ್ಚಿ ತಿಂದದ್ದಕ್ಕೆ, ಜೀನ್ಸಿನ ಧೂಳಿಗೆ, ಮದುವೆಯಾಗದೆ ಉಳಿದದ್ದಕ್ಕೆ. ಅವರೆಲ್ಲ ಹೋದ ಮೇಲೆ ಮೇಡಂ ನನಗೆ ಹೇಳಿದರು: "ಎಲ್ಲಾರೂ ಹಳೇ ಡಿಬಗ್ಗರ್ ಇದ್ದಂಗ ಅದಾರ್ರೀ. ಕಂಡದ್ದಕ್ಕೆಲ್ಲಾ ಹೆಸರು ಕೂಗ್ತಾರ." ಡಾಕ್ಟರರಿಗೂ ಅವರು, "ಗೊತ್ತಿಲ್ಲಂದ್ರ ಗೊತ್ತಿಲ್ಲ ಅನ್ರಿ. ನನಗೇನೂ ಬ್ಯಾಸರಿಲ್ಲ" ಎಂದಿದ್ದರಂತೆ. ಹರಕೆ ಹೊತ್ತ ತಮ್ಮ ಅವರನ್ನು ನೇಮಕಲ್ಲಿನ ಆಂಜನೇಯನ ಗುಡಿಗೆ ಕರೆದುಕೊಂಡು ಹೋದಾಗ ಮಾತ್ರ ಸುಮ್ಮನೆ ಹೋಗಿಬಂದರು. "ಆತ ಒಬ್ಬಾತನೇ ಕಾರಣ ಹೇಳ್ಳಿಲ್ಲ ನೋಡ್ರಿ" ಎಂದರು.

ಕೆಲಸ ಮುಗಿಯುತ್ತ ಬಂದಾಗ ನಾನು ರಾಯದುರ್ಗದಲ್ಲೇ ಇದ್ದೆ. ಮೇಡಂ ದಿಂಬಿಗೆ ಒರಗಿ ಕೂತಿದ್ದರು, ತಲೆಯಲ್ಲಿ ಕೂದಲಿರಲಿಲ್ಲ. ನೀಲಿ ಧೂಳು ಹೆಗಲಿಗೆ ಇಳಿದಿತ್ತು. ನಾನು 'ಜಾತಕ'ವನ್ನು ತೆರೆದೆ. ಹೊಸ ಡಿಬಗ್ಗರ್ ಕೊನೆಯಿಂದ ಹಿಂದಕ್ಕೆ ಮೂರು ಹೆಜ್ಜೆ ಸರಿಯಾಗಿ ಇಟ್ಟಿತು. ಆಮೇಲೆ ನಿಂತಿತು. ಅಲ್ಲಿಂದ ಮುಂದೆ ಸ್ಟ್ಯಾಕಿನ ಮೇಲೆ ಯಾವುದೋ ಕಸ ಬಿದ್ದು ವಿಳಾಸ ಅಳಿಸಿಹೋಗಿತ್ತು. ಕಸದ ಕೆಳಗೆ ಯಾರಿದ್ದರು ಎಂದು ಹೇಳುವ ದಾರಿಯಿರಲಿಲ್ಲ. ಮೇಡಂ ಅವರೂ ಇದ್ದಿರಬಹುದು, ಇಲ್ಲದೆಯೂ ಇರಬಹುದು.

ನನಗೆ ತಡೆಯಲಾಗಲಿಲ್ಲ. "ಅಲ್ಲ ಮೇಡಂ, ಕಸ ದಾಟ್ಕಂಡು ಮುಂದೆ ಹೋಗಿ ಮೊದ್ಲು ಸಿಗೋ ವಿಳಾಸ ಹಿಡ್ಕಳಾನ. ಸುಮ್ಕೆ ನೋಡಾನ" ಎಂದು ಹಾಗೆಯೇ ಮಾಡಿದೆ. ಒಂದು ಹೆಸರು ಬಂತು. ಮೇಡಂ ಅವರದಲ್ಲ. ಆ ಹೆಸರಿನ ಭಾಗವನ್ನು ಬರೆದವರು ಅವರ ಜೊತೆಗೆ ಅದೇ ಕಂಪನಿಯಲ್ಲಿದ್ದವರು. ಪಕ್ಕದ ಕುರ್ಚಿಯಿಂದ ಮೊದಲು ಎದ್ದುಹೋದವರು.

ಮೇಡಂ ಮುಂದಕ್ಕೆ ಬಾಗಿ ಆ ಹೆಸರನ್ನು ಓದಿದರು. ಕೆಳಗೆ ಯಂತ್ರಗಳು ಓಡುತ್ತಿದ್ದವು.

"ಇದನ್ನ ತಗೀರಿ."

"ಮೇಡಂ, ನಿಮ್ಮ ಹೆಸ್ರು ಬಿಟ್ಟೋಗ್ತೈತೆ. ಎಲ್ರಿಗೂ ತೋರಿಸ್ಬೋದು."

"ಅವರೂ ಬಂದು ಹೋದವರಿರಬಹುದಲ್ರೀ. ನನಗ ಮಾಡಿದ್ದನ್ನ ಅವರಿಗೆ ಮಾಡ್ಲೇನು? ತಗೀರಿ. ನಿಂತಲ್ಲಿ ನಿಲ್ಲಲಿ. 'ಮುಂದೆ ಗೊತ್ತಿಲ್ಲ' ಅಂತ ಬರೀರಿ, ಸಾಕು."

ನಾನು ವಾದ ಮಾಡಿದೆ. ನಾನು ಅವರ ಜೊತೆ ಅನೇಕ ವಾದಗಳನ್ನು ಸೋತವನು, ಇದೊಂದನ್ನಾದರೂ ಗೆಲ್ಲಬೇಕೆಂದಿತ್ತು. ಅವರು ಕಣ್ಣು ಮುಚ್ಚಿ ಕೇಳಿಸಿಕೊಂಡು, "ಚಾ ಆರ್ತದ, ಕುಡೀರಿ" ಎಂದರು. ಹಿಂದೆ ನನ್ನ ತಿದ್ದುಪಡಿಗಳನ್ನು ತಿರಸ್ಕರಿಸಲು ಅವರಿಗೆ ಪುಟಗಟ್ಟಲೆ ಇಂಗ್ಲಿಷ್ ಬೇಕಾಗುತ್ತಿತ್ತು. ನಾನು ಆ ಭಾಗವನ್ನು ತೆಗೆದುಹಾಕಿದೆ.

ತಿದ್ದುಪಡಿಯನ್ನು ಇಬ್ಬರ ಹೆಸರಿನಲ್ಲಿ ಕಳಿಸಿದೆವು. ಇತರ ಹಿರಿಯರು ಅದನ್ನು ತಿರುಗಾಮುರುಗಾ ಪರೀಕ್ಷಿಸುತ್ತಿದ್ದಾಗ ಒಂದು ಮಧ್ಯಾಹ್ನ ಮೇಡಂ ಅವರ ತಮ್ಮನ ಫೋನ್ ಬಂತು.

"ಅಕ್ಕ ಹೋದ್ಲುರಿ."

ಏನಾಯಿತು ಎಂದು ಕೇಳಬಾರದೆಂದುಕೊಂಡೂ ಕೇಳಿದೆ. ಅವನು ಅಕ್ಕನ ಜೊತೆ ಬಾಳಿದವನು. ಹಿಂದಿನಿಂದಲೇ ಹೇಳಿದ.

"ಹೋದ್ಲು. ಅದಕ್ಕೂ ಮುಂಚೆ ನನ್ನ ಕೈ ಹಿಡಕಂಡಿದ್ಲು. ಅದಕ್ಕೂ ಮುಂಚೆ ನೀರು ಬೇಡಿದ್ಲು. ಅದಕ್ಕೂ ಮುಂಚೆ, ಮಷಿನ್ ಯಾಕ ನಿಲ್ಸೀಯೋ, ಆ ಹೆಣ್ಮಕ್ಕಳ ಕೂಲಿ ಹೋಗ್ತದ, ಓಡಿಸು ಅಂದ್ಲು. ಅಕಿಗೆ ಸದ್ದು ಆಗಬಾರ್ದಂತ ನಿಲ್ಸಿದ್ನಿರಿ ನಾನು." ಅವನ ದನಿ ಅಲ್ಲಿಗೆ ನಿಂತಿತು. ಅದಕ್ಕೂ ಮುಂಚೆ ಎಂದು ನಾನು ಕೇಳಲಿಲ್ಲ.

ನಾನು ಹೋಗಿ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು. ಕೆಳಗಿನ ಯಂತ್ರಗಳು ಓಡುತ್ತಿದ್ದವು. ಅಕ್ಕನ ಮಾತು ಎಂದು ತಮ್ಮ ಓಡಿಸಿದ್ದ. ಮೇಲಿನ ಕೋಣೆಯಲ್ಲಿ ಖಾಲಿ ಮೇಜು ನಡುಗುತ್ತಿತ್ತು. ಅದರ ಕಾಲಿನ ಕೆಳಗಿಂದ ಜರುಗಿದ್ದ ಪ್ಯಾಂಟಿನ ತುಂಡೊಂದನ್ನು ನಾನು ಮತ್ತೆ ಒಳಕ್ಕೆ ತಳ್ಳಿದೆ. ಅದನ್ನು ಬಿಟ್ಟರೆ ಅಲ್ಲಿ ನಾನು ಮಾಡುವಂಥದ್ದೇನೂ ಉಳಿದಿರಲಿಲ್ಲ.

ತಿದ್ದುಪಡಿಯನ್ನು ಡಿಬಗ್ಗರಿಗೆ ಸೇರಿಸಿಕೊಂಡರು. ಮೇಡಂ ಅವರ ಡಂಪನ್ನು ಈಗ ತೆರೆದರೆ ಅದು ಮೂರು ಹೆಸರು ಹೇಳಿ, ಮುಂದೆ ಗೊತ್ತಿಲ್ಲ ಎಂದು ನಿಲ್ಲುತ್ತದೆ. ಆ ಮೂರರಲ್ಲಿ ಅವರದಿಲ್ಲ. ಯಂತ್ರ ಯಾಕೆ ಸತ್ತಿತು ಎಂಬುದು ಇನ್ನೂ ತಿಳಿದಿಲ್ಲ.