ನಾಲ್ಕು ಮಲ್ಲಿಗೆ ಗಿಡಗಳ ಜಾಗ

ಶಂಕರಪುರದ ಸುಗಂಧಿ ಬೆಳಕು ಹರಿಯುವಾಗಲೇ ಮೊಗ್ಗು ಕೊಯ್ಯಲು ಇಳಿಯುತ್ತಾಳೆ. ಕೊಯ್ದದ್ದನ್ನು ಬಾಳೆನಾರಿನಲ್ಲಿ ಕಟ್ಟಿ, ಹನ್ನೊಂದು ಗಂಟೆಯೊಳಗೆ ವ್ಯಾಪಾರಿಗಳು ಹೂ ಕೊಳ್ಳುವ ಕಟ್ಟೆಗೆ ಮುಟ್ಟಿಸಬೇಕು. ಗಂಡ ಕರುಣಾಕರ ಮಸ್ಕತ್‌ನಲ್ಲಿ ಡ್ರೈವರ್. ಮನೆಯಲ್ಲಿ ಅತ್ತೆ ಚಂದು ಮತ್ತು ಮಗಳು ಮೋಕ್ಷಾ.

ಅವಳು ಮದುವೆಯಾಗಿ ಬಂದಾಗ ಬಾವಿಯ ಬದಿಯಲ್ಲಿ ಅತ್ತೆಯ ಬಸಳೆ ಚಪ್ಪರವಿತ್ತು. ಹರಿವೆ, ತೊಂಡೆ, ಏಳೆಂಟು ಕೋಳಿಗಳೂ ಇದ್ದವು. ಅದನ್ನೆಲ್ಲ ತೆಗೆದು ಮಲ್ಲಿಗೆ ನೆಡೋಣವೆಂದು ಹಟ ಹಿಡಿದವಳು ಸುಗಂಧಿಯೇ. ಗಿಡದ ಬುಡ ಕೆದಕುತ್ತವೆಂದು ಕೋಳಿಗಳನ್ನೂ ಮಾರಿದರು. ಆಮೇಲೆ ಅಡುಗೆಮನೆಯಲ್ಲಿ ಉಳಿದದ್ದು ಗಂಜಿ, ಉಪ್ಪಿನಕಾಯಿ, ಸಿಕ್ಕಿದ ದಿನ ಮೀನು. ಹೂ ಕಟ್ಟುವಾಗ ಮಗು ಸುಮ್ಮನಿರಲೆಂದು ಅದರ ಕೈಗೊಂದು ಬಿಸ್ಕತ್ತು.

ಕಳೆದ ಜೂನ್‌ನಲ್ಲಿ ಅಂಗನವಾಡಿಯ ಪುಷ್ಪಾವತಿ ಟೀಚರ್ ಆಗ ಎರಡೂವರೆ ವರ್ಷದವಳಾಗಿದ್ದ ಮೋಕ್ಷಾಳನ್ನು ತೂಗಿದರು. ಒಂಬತ್ತೂವರೆ ಕಿಲೋ. ತೂಕದ ಕಾರ್ಡಿನ ಹಳದಿ ಪಟ್ಟಿಯಲ್ಲಿ ಚುಕ್ಕೆ ಇಟ್ಟರು.

"ವಯಸ್ಸಿಗೆ ತೂಕ ಸಾಲದು. ಮನೆಯಲ್ಲಿ ಎಂತ ಕೊಡ್ತೀರಿ?"

"ಹೊಟ್ಟೆ ತುಂಬ ಅನ್ನ ಕೊಡ್ತೇನೆ ಟೀಚರ್. ಒಂದು ದಿನ ಹಸಿದು ಮಲಗಿದ್ದಿಲ್ಲ."

"ಅನ್ನ ಒಂದೇ ಸಾಕಾಗುವುದಿಲ್ಲ ಸುಗಂಧಿ. ಸೊಪ್ಪು, ಬೇಳೆ, ಮೊಟ್ಟೆ, ಹಣ್ಣು, ಈ ವಾರ ಎಂತಾದರೂ ತಿಂದದ್ದು ಉಂಟಾ?"

ಸುಗಂಧಿ ಕಾರ್ಡ್ ತೆಗೆದುಕೊಂಡು ಎದ್ದಳು. ಮಲ್ಲಿಗೆಯ ಅಡಿಯಲ್ಲಿ ತಾನಾಗಿ ಹುಟ್ಟಿದ ಸೊಪ್ಪನ್ನೂ ಕೀಳುವಂತಿರಲಿಲ್ಲ, ಮೊನ್ನೆಯಷ್ಟೇ ಗಿಡಗಳಿಗೆ ಹುಳದ ಮದ್ದು ಬಿಟ್ಟಿದ್ದಳು.

ಸಂಜೆ ಅತ್ತೆಯ ಮುಂದೆ ಕಾರ್ಡ್ ಇಟ್ಟು ಕುಳಿತಳು. ಕಿತ್ತ ಚಪ್ಪರದ ನೆನಪು ಮಾಡಿ ಚಂದು ಮಾತಿನಲ್ಲಿ ಚುಚ್ಚಬಹುದಿತ್ತು. ಚುಚ್ಚಲಿಲ್ಲ. ಮರುದಿನ ಬಸ್ಸು ಹಿಡಿದು ಅಜೆಕಾರಿನ ತಂಗಿಯ ಮನೆಗೆ ಹೋಗಿ, ಒದ್ದೆ ಗೋಣಿಯಲ್ಲಿ ಬಸಳೆ ಬಳ್ಳಿ, ಹರಿವೆ ಬೀಜ, ಕೈಚೀಲದಲ್ಲಿ ಎರಡು ಹೇಂಟೆ ತಂದರು.

ಬಾವಿಬದಿಯ ನಾಲ್ಕು ಮಲ್ಲಿಗೆ ಗಿಡಗಳನ್ನು ಸುಗಂಧಿಯೇ ಅಗೆದು ತೆಗೆದಳು.

"ಹೂ ಬಿಡುವ ಗಿಡ ಯಾರಾದರೂ ಕೀಳ್ತಾರಾ ಮಾರಾಯ್ತಿ?" ಎಂದ ಕರುಣಾಕರ ಫೋನಿನಲ್ಲಿ.

"ಮಗಳ ಕಾರ್ಡಿನ ಫೋಟೋ ಕಳಿಸಿದ್ದೇನೆ. ನೋಡಿ ಮಾತಾಡಿ."



ಮೊದಲ ಹರಿವೆ ಮಳೆಗೆ ಕೊಳೆಯಿತು. ಮತ್ತೆ ಬಿತ್ತಿದರು. ಸೊಪ್ಪು ಚಿಗುರಿ ಪಲ್ಯವಾದಾಗ ಮೋಕ್ಷಾ ಉಗುಳಿದಳು. ಚಂದು ಅದನ್ನು ಬೇಳೆಯೊಂದಿಗೆ ಮಸೆದು, ತೆಂಗಿನಕಾಯಿ ಹಾಕಿ, ಬೆಕ್ಕಿನ ಕತೆ ಹೇಳುತ್ತ ಉಣಿಸಿದರು. ಸುಗಂಧಿಗೆ ಹೂವಿನ ಕೆಲಸದ ಮೇಲೆ ಇನ್ನೊಂದು ತೋಟದ ಕೆಲಸ ಬಿತ್ತು. ಮದ್ದು ತಾಗದಂತೆ ನಡುವೆ ಹಳೆಯ ಸೀರೆಗಳನ್ನು ಕಟ್ಟುವುದು, ನೀರು, ಗೊಬ್ಬರ. ಸೊಂಟ ಹಿಡಿದುಕೊಂಡಿತು. ಡಿಸೆಂಬರ್‌ನಲ್ಲಿ ಕಾರ್ಡಿನ ಚುಕ್ಕೆ ಸರಿಯಾದ ತೂಕದ ಹಸಿರು ಪಟ್ಟಿಗೆ ತಾಗಿತು. ಜನವರಿಯ ಜ್ವರಕ್ಕೆ ನಾನೂರು ಗ್ರಾಂ ಇಳಿದು ಮತ್ತೆ ಹಳದಿಗೇ ಬಂತು. ಸುಗಂಧಿ ಅಂದು ಒಲೆಯ ಮುಂದೆ ಕುಳಿತು ಅತ್ತಳು, ಆಮೇಲೆ ಎದ್ದು ಮೊಟ್ಟೆ ಬೇಯಿಸಿದಳು.

ಏಪ್ರಿಲ್‌ನ ಬಿಸು ಹಬ್ಬದ ಹೊತ್ತಿಗೆ ಮೋಕ್ಷಾ ಹನ್ನೊಂದೂವರೆ ಕಿಲೋ ದಾಟಿದಳು.

"ಹಸಿರಿಗೆ ಬಂತು ನೋಡು," ಎಂದರು ಟೀಚರ್. "ಇನ್ನು ಬಿಡಬೇಡ, ಆಯ್ತಾ?"

"ಆಯ್ತು ಟೀಚರ್."

ಸುಗಂಧಿ ಸಂತೋಷ ಪಡಬೇಕಿತ್ತು. ಮನೆಗೆ ಬಂದು ಚಾವಡಿಯ ನೆಲದಲ್ಲಿ ಒರಗಿದವಳಿಗೆ ಬಂದದ್ದು ಹತ್ತು ತಿಂಗಳ ದಣಿವಿನ ನಿದ್ದೆ. ಚಂದು ಎಬ್ಬಿಸಲಿಲ್ಲ.